ಗುಡ್ಡದ ಆಚೆಗೆ ಕೇಳಿಸೀತೇ?

ಗುತ್ತಿಗಾರಿನ ಆಚೆಯ ಹಳ್ಳಿಯೊಂದರಿಂದ ಅಡಿಕೆ ಕೃಷಿಕರೊಬ್ಬರು ನನಗೊಂದು ಪತ್ರ ಬರೆದಿದ್ದಾರೆ. ಪತ್ರ ಚಿಕ್ಕದು, ವಿಷಯ ದೊಡ್ಡದು. ಅದರ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತೇನೆ.

"ಮಾಸ್ಟ್ರಿಗೆ ನಮಸ್ಕಾರ. ನನ್ನ ಮಗಳು ಎಂಟನೆಯ ತರಗತಿ. ಕಳೆದ ಮಳೆಗಾಲದಲ್ಲಿ ಒಂದು ದಿನ ಮಧ್ಯಾಹ್ನದ ಮೇಲೆ ಹೊಳೆ ತುಂಬಿ ಅವಳಿಗೆ ಶಾಲೆಯಿಂದ ಮನೆಗೆ ಬರಲಾಗಲಿಲ್ಲ. ಕರೆಂಟು ಹಿಂದಿನ ರಾತ್ರಿಯೇ ಹೋಗಿತ್ತು. ಸಂಜೆಯಾಗುವಾಗ ಮೊಬೈಲ್ ಟವರೂ ನಿಂತಿತು. ಅವಳು ಶಾಲೆಯ ಹತ್ತಿರದ ಗೆಳತಿಯ ಮನೆಯಲ್ಲಿ ಉಂಡು ಮಲಗಿದ್ದಾಳೆಂದು ನಮಗೆ ತಿಳಿದದ್ದು ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ. ಆ ರಾತ್ರಿ ಅವಳ ಅಮ್ಮ ಜಗಲಿ ಬಿಟ್ಟು ಏಳಲಿಲ್ಲ. ಈಗ ಮಗಳು ಎರಡು ವಾಕಿಟಾಕಿ ತೆಗೆಸಿಕೊಡಿ, ಒಂದು ಗೆಳತಿಯ ಮನೆಯಲ್ಲಿರಲಿ, ಒಂದು ನಮ್ಮಲ್ಲಿರಲಿ ಎಂದು ಹಟ ಹಿಡಿದಿದ್ದಾಳೆ. ಮೊಬೈಲಿನಲ್ಲಿ ನೋಡಿದರೆ ಹತ್ತು ಕಿಲೋಮೀಟರ್ ತನಕ ಕೇಳಿಸುತ್ತದೆ ಎಂದು ಬರೆದಿದೆ. ನಮಗೆ ಇರುವುದು ಆರೇ ಕಿಲೋಮೀಟರ್, ಮಧ್ಯೆ ಒಂದು ಗುಡ್ಡ. ತೆಗೆಸಿಕೊಡಬಹುದೇ?"

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬೇಕಾದರೆ 'ಬೇಡ' ಎನ್ನಬೇಕು. ಆದರೆ ಹುಡುಗಿಯ ಹಟ ಸರಿಯಾದದ್ದೇ. ಅವಳು ಕೇಳುತ್ತಿರುವ ಸಾಧನ ಮಾತ್ರ ತಪ್ಪು. ಸರಿಯಾದದ್ದು ಯಾವುದು, ಅದಕ್ಕೆ ದಾರಿ ಯಾವುದು ಎಂಬುದನ್ನು ಈ ವಾರ ನೋಡೋಣ. ಪುತ್ತೂರು, ಸುಳ್ಯ, ಕಡಬಗಳ ಗುಡ್ಡದ ಎಡೆಯಲ್ಲಿ ಮನೆ ಮಾಡಿಕೊಂಡಿರುವ ಎಲ್ಲರಿಗೂ ಇದು ಸಂಬಂಧಪಟ್ಟ ವಿಷಯ.

ಹತ್ತು ಕಿಲೋಮೀಟರ್ ಎಲ್ಲಿಂದ ಬಂತು?

ಮೊದಲು ಜಾಹೀರಾತಿನ ಲೆಕ್ಕ. ಅದು ಪೂರ್ತಿ ಸುಳ್ಳಲ್ಲ. ಕೈಯಲ್ಲಿ ಹಿಡಿಯುವ ವಾಕಿಟಾಕಿಗಳ ತರಂಗಗಳು ಸಾಧಾರಣವಾಗಿ ಬೆಳಕಿನ ಹಾಗೆ ನೇರವಾಗಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಸ್ವಲ್ಪ ದೂರ ಹೋದ ಮೇಲೆ ನೆಲವೇ ಅಡ್ಡ ಬರುತ್ತದೆ. ಎಷ್ಟು ದೂರ ಎಂದು ತಿಳಿಯಲು ಒಂದು ಸುಲಭ ಸೂತ್ರವಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು ಸುಮಾರು 4ರಿಂದ ಗುಣಿಸಿ. ಬಂದ ಉತ್ತರ ಕಿಲೋಮೀಟರಿನಲ್ಲಿ. ಕಿವಿಯ ಮಟ್ಟದಲ್ಲಿ, ಅಂದರೆ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದರೆ 5 ಕಿಲೋಮೀಟರ್. ಆಚೆ ಕಡೆಯವರದ್ದೂ 5. ಒಟ್ಟು 10. ಜಾಹೀರಾತಿನವರ ಹತ್ತು ಕಿಲೋಮೀಟರ್ ಇದೇ.

ಆದರೆ ಈ ಲೆಕ್ಕ ಸಮುದ್ರದ ಮೇಲೆ, ಬಯಲುಸೀಮೆಯ ಮೈದಾನದ ಮೇಲೆ ಸರಿ. ನಮ್ಮಲ್ಲಿ ಮೈದಾನ ಎಲ್ಲಿದೆ? ಶಾಲೆಗೆ ಆಟದ ಬಯಲು ಬೇಕಾದರೂ ಗುಡ್ಡ ಜರಿಯಬೇಕು! ಮನೆ, ತೋಟ ಎಲ್ಲ ಕೆಳಗೆ ತೋಡಿನ ಬದಿಯಲ್ಲಿ, ಸುತ್ತ ಗುಡ್ಡ. ತರಂಗ ಗುಡ್ಡದ ತುದಿಯಲ್ಲಿ ಸ್ವಲ್ಪ ಬಾಗಿ ಇಳಿಯುತ್ತದೆ ನಿಜ. ಆದರೆ ಗುಡ್ಡದ ಬುಡಕ್ಕೆ ತಲಪುವಷ್ಟಲ್ಲ. ಹಸಿ ಎಲೆಗಳ ಕಾಡು ಇನ್ನಷ್ಟನ್ನು ಹೀರುತ್ತದೆ. ಹಾಗಾಗಿ ಗುಡ್ಡದ ಈಚೆಯ ಮನೆಯಿಂದ ಆಚೆಯ ಮನೆಗೆ ಒಂದು ಕಿಲೋಮೀಟರ್ ಕೂಡ ಕಷ್ಟ.

ಅದೇ ಸೂತ್ರವನ್ನು ಕುಮಾರಪರ್ವತಕ್ಕೆ ಹಾಕಿ ನೋಡಿ. ಎತ್ತರ 1,712 ಮೀಟರ್. ವರ್ಗಮೂಲ ಸುಮಾರು 41. ದೂರ 160 ಕಿಲೋಮೀಟರಿಗೂ ಹೆಚ್ಚು! ಮೊಬೈಲ್ ಕಂಪೆನಿಗಳು ಟವರ್ ಹಾಕಲು ಗುಡ್ಡದ ನೆತ್ತಿ ಹುಡುಕುವುದು ಏಕೆಂದು ಈಗ ತಿಳಿಯಿತಲ್ಲ? ಎತ್ತರದಲ್ಲಿ ಒಂದು ಸೆಟ್ ಇಟ್ಟು, ಕೆಳಗಿನಿಂದ ಬಂದ ಮಾತನ್ನು ಹಿಡಿದು ಮತ್ತೆ ಜೋರಾಗಿ ಬಿತ್ತರಿಸಿದರೆ ಎರಡು ಕಣಿವೆಗಳ ನಡುವೆ ಮಾತು ಸಾಧ್ಯ. ಇದಕ್ಕೆ ರಿಪೀಟರ್ ಎನ್ನುತ್ತಾರೆ.

ಕಾನೂನಿನ ಮಾತು

ಎರಡನೆಯದು ಕಾನೂನು. ಹೆತ್ತವರು ಇದನ್ನು ಗಮನವಿಟ್ಟು ಓದಬೇಕು. ರೇಡಿಯೋ ಕೇಳುವುದು ಬೇರೆ, ರೇಡಿಯೋದಲ್ಲಿ ಮಾತಾಡುವುದು ಬೇರೆ. ಆಕಾಶವಾಣಿ ಕೇಳಲು ಒಂದು ಕಾಲದಲ್ಲಿ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಅಜ್ಜಂದಿರನ್ನು ಕೇಳಿದರೆ ಹೇಳಿಯಾರು. ಅದು 1980ರ ದಶಕದಲ್ಲಿ ರದ್ದಾಯಿತು. ಆದರೆ ತರಂಗ ಬಿಡುವ ಯಂತ್ರಕ್ಕೆ ಇಂದಿಗೂ ಪರವಾನಗಿ ಬೇಕು.

ಇದಕ್ಕೆ ಕೆಲವು ಸಣ್ಣ ವಿನಾಯಿತಿಗಳಿವೆ. 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡಿನಲ್ಲಿ ಅಲ್ಪ ಶಕ್ತಿಯ ಸೆಟ್‌ಗಳಿಗೆ 2005ರಿಂದ ಲೈಸೆನ್ಸ್ ಬೇಡ. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಅಲ್ಪ ಶಕ್ತಿಯ ವಾಕಿಟಾಕಿಗಳಿಗೆ 2018ರ ನಿಯಮದ ಪ್ರಕಾರ ವಿನಾಯಿತಿ ಇದೆ. ಜಾತ್ರೆಯಲ್ಲಿ, ಶಾಲಾ ಕ್ರೀಡಾಕೂಟದಲ್ಲಿ, ತೋಟದ ಈ ತುದಿಯಿಂದ ಆ ತುದಿಗೆ ಇಂಥವು ಸಾಕು. ಆದರೆ ಇಂಟರ್‌ನೆಟ್ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಅನೇಕ ಸೆಟ್‌ಗಳು ಈ ಮಿತಿಯೊಳಗಿನವಲ್ಲ. ಅವು ಪೊಲೀಸರ, ಇತರ ಇಲಾಖೆಗಳ ತರಂಗಗಳ ಮೇಲೂ ಮಾತಾಡಬಲ್ಲವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಮಾರಾಟದ ಬಗ್ಗೆ ನೋಟಿಸು ಕೊಟ್ಟು, ಸೆಟ್ ಯಾವ ತರಂಗದ್ದು, ಲೈಸೆನ್ಸ್ ಬೇಕೇ, ಸರಕಾರದ ಅನುಮೋದನೆ ಇದೆಯೇ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ನಿಯಮ ಮಾಡಿತು. ಮಗುವಿನ ಹುಟ್ಟುಹಬ್ಬಕ್ಕೆಂದು ತಂದ ಉಡುಗೊರೆಯಿಂದ ಠಾಣೆಯ ಮೆಟ್ಟಿಲು ಹತ್ತುವ ಹಾಗೆ ಆಗಬಾರದು.

ತಿಳಿಯದೆ ಮಾಡಿದ ತಪ್ಪಿನ ಬಗ್ಗೆ ನಾನು ಅಧಿಕಾರದಿಂದಲೇ ಹೇಳಬಲ್ಲೆ. ಬಿ.ಎಸ್ಸಿ. ಓದುವಾಗ ಒಂದು ಟ್ರಾನ್ಸಿಸ್ಟರಿನ ಎಫ್.ಎಂ. ಟ್ರಾನ್ಸ್‌ಮಿಟರ್ ಜೋಡಿಸಿ ಅಟ್ಟದಲ್ಲಿ ಕೂತು ನನ್ನದೇ 'ಆಕಾಶವಾಣಿ' ನಡೆಸಿದ್ದೆ. ಅಂದು ಭಾನುವಾರ, ಪಕ್ಕದ ಮನೆಯಲ್ಲಿ ಊರಿನವರೆಲ್ಲ ಸೇರಿ 'ಮಹಾಭಾರತ' ಧಾರಾವಾಹಿ ನೋಡುತ್ತಿದ್ದರು. ನಾನು ಮಾತಾಡಿದಾಗಲೆಲ್ಲ ಅವರ ಟಿವಿಯಲ್ಲಿ ಗೆರೆಗಳು! 100 ಮೆಗಾಹರ್ಟ್ಸಿನ ಕಚ್ಚಾ ಯಂತ್ರ ಅದರ ಇಮ್ಮಡಿಯಾದ 200ರಲ್ಲಿಯೂ ಅಲೆ ಎಬ್ಬಿಸುತ್ತದೆ, ಆ ಜಾಗ ಟಿವಿಗೆ ಮೀಸಲು ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ತಂದೆ ಅಟ್ಟ ಹತ್ತಿ ಬಂದು ಮಾಡಿದ 'ಪ್ರಸಾರ' ಇನ್ನೂ ಕಿವಿಯಲ್ಲಿದೆ. ಅದೇ ಯಂತ್ರ ವಿಮಾನದ ಅಥವಾ ಆಂಬುಲೆನ್ಸಿನ ಸಂಪರ್ಕಕ್ಕೆ ಅಡ್ಡ ಬಂದಿದ್ದರೆ? ಲೈಸೆನ್ಸ್ ಬೇಕೆನ್ನುವುದು ಇದಕ್ಕೇ. ಆಕಾಶ ಎಲ್ಲರದ್ದು, ಒಬ್ಬನ ಅಜ್ಞಾನದಿಂದ ಅದು ಕೆಡಬಾರದು.

ಹಾಗಾದರೆ ದಾರಿ ಯಾವುದು?

ದಾರಿಯ ಹೆಸರು ಹವ್ಯಾಸಿ ರೇಡಿಯೋ. ಲೋಕದ ಎಲ್ಲೆಡೆ ಇದನ್ನು ಹ್ಯಾಮ್ ರೇಡಿಯೋ ಎನ್ನುತ್ತಾರೆ. ಸಂಬಳಕ್ಕಲ್ಲ, ವ್ಯಾಪಾರಕ್ಕಲ್ಲ, ಕಲಿಯುವುದಕ್ಕೆ, ಪ್ರಯೋಗ ಮಾಡುವುದಕ್ಕೆ, ಸ್ನೇಹಕ್ಕೆ, ಆಪತ್ತಿನಲ್ಲಿ ನೆರವಿಗೆ ಎಂದು ಸರಕಾರವೇ ಕೆಲವು ತರಂಗ ಪಟ್ಟಿಗಳನ್ನು ಜನಸಾಮಾನ್ಯರಿಗೆ ಬಿಟ್ಟುಕೊಟ್ಟಿದೆ. ಒಂದು ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದರೆ ನಿಮಗೊಂದು ಕಾಲ್‌ಸೈನ್ ಸಿಗುತ್ತದೆ. ಭಾರತದಲ್ಲಿ ಅದು ವಿಯು2 ಅಥವಾ ವಿಯು3 ಎಂದು ಆರಂಭವಾಗುತ್ತದೆ. ಜಗತ್ತಿನಲ್ಲಿ ಆ ಹೆಸರು ನಿಮಗೊಬ್ಬರಿಗೇ. ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ಅವರ ಸಂಕೇತ ವಿಯು2ಆರ್‌ಜಿ.

ಆಪತ್ತಿನಲ್ಲಿ ಇದು ಏನು ಮಾಡಬಲ್ಲುದು ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಅಲ್ಲಿಂದ ದೇಶವಿದೇಶಗಳ ಹವ್ಯಾಸಿಗಳೊಡನೆ ಮಾತಾಡುವುದು ಅವರ ಉದ್ದೇಶ. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪ, ಅದರ ಬೆನ್ನಿಗೇ ಸುನಾಮಿ. ದೂರವಾಣಿ ಕೆಟ್ಟುಹೋದ ಆ ದಿನಗಳಲ್ಲಿ ಹವ್ಯಾಸಕ್ಕೆಂದು ಒಯ್ದ ಸೆಟ್‌ಗಳೇ ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಕೊಂಡಿಯಾದವು. 'ನಿಮ್ಮವರು ಕ್ಷೇಮ' ಎಂಬ ಎರಡು ಶಬ್ದಗಳನ್ನು ಅವರು ಎಷ್ಟೋ ಮನೆಗಳಿಗೆ ತಲಪಿಸಿದರು.

ಇನ್ನೊಂದು ನಮಗೆ ಹತ್ತಿರದ್ದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಜರಿಯಿತು. ಮೊಬೈಲ್ ಸಂಪರ್ಕ ಕೈಕೊಟ್ಟಾಗ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದು, ಅಂಬಲವಯಲಿನ ಪೊನ್ಮುಡಿಕೋಟೆಯ ಎತ್ತರದಲ್ಲಿದ್ದ ರಿಪೀಟರಿನ ಮೂಲಕ ದುರಂತದ ಸ್ಥಳದ ಸುದ್ದಿಯನ್ನು ಕಚೇರಿಗೆ ಮುಟ್ಟಿಸಿದರು. ವಯನಾಡಿನ ಗುಡ್ಡ, ಮಳೆ ನಮಗೆ ಹೊಸತಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸುಳ್ಯ–ಮಡಿಕೇರಿ ರಸ್ತೆ ಮುಚ್ಚಿದ್ದನ್ನು, 2022ರ ಆಗಸ್ಟ್ 1ರ ರಾತ್ರಿ ಸುಬ್ರಹ್ಮಣ್ಯ, ಹರಿಹರ ಪಲ್ಲತಡ್ಕ, ಕೊಲ್ಲಮೊಗ್ರದ ಕಡೆ ನೀರು ನುಗ್ಗಿದ್ದನ್ನು, ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಎಳೆಯ ಹೆಣ್ಣುಮಕ್ಕಳು ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ.

ಒಂದು ಮಾತು ಸ್ಪಷ್ಟವಿರಲಿ. ಆಪತ್ತಿನಲ್ಲಿ ಮೊದಲು ಕರೆಯಬೇಕಾದದ್ದು 112, ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077. ಹ್ಯಾಮ್ ರೇಡಿಯೋ ಇರುವುದು ಆ ಫೋನೇ ಸತ್ತಾಗ.

ಮೊದಲು ಕಿವಿ, ಆಮೇಲೆ ಬಾಯಿ

ವಿದ್ಯಾರ್ಥಿಗಳೇ, ಈ ವಿದ್ಯೆ ಕೇಳುವುದರಿಂದ ಆರಂಭ. ಕೇಳಲು ಪರೀಕ್ಷೆ ಬೇಡ, ಲೈಸೆನ್ಸ್ ಬೇಡ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ರೇಡಿಯೋ ಸಾಕು. ಮೂರು ಪ್ರಯೋಗ ಹೇಳುತ್ತೇನೆ, ಇಂದೇ ಮಾಡಿ.

ಒಂದು: ಮಧ್ಯಮ ತರಂಗಕ್ಕೆ, ಅಂದರೆ ಎಂ.ಡಬ್ಲ್ಯು. ಎಂದು ಬರೆದ ಕಡೆಗೆ ಗುಂಡಿ ತಿರುಗಿಸಿ. ಮಧ್ಯಾಹ್ನ 12ಕ್ಕೆ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಒಯ್ದು ಎಷ್ಟು ನಿಲಯ ಕೇಳಿಸುತ್ತದೆ ಎಂದು ಬರೆದಿಡಿ. ಅದೇ ಕೆಲಸವನ್ನು ಸಂಜೆ 6ಕ್ಕೆ, 7ಕ್ಕೆ, 9ಕ್ಕೆ ಮಾಡಿ. ಒಂದು ವಾರ ಬರೆದರೆ ಒಂದು ಆಶ್ಚರ್ಯ ಕಾಣುತ್ತದೆ. ಕತ್ತಲಾದಂತೆ ನಿಲಯಗಳ ಸಂಖ್ಯೆ ಏರುತ್ತದೆ. ಹಗಲು ಸುಳಿವೇ ಇಲ್ಲದ ದೂರದ ಊರುಗಳು ಮಾತಾಡತೊಡಗುತ್ತವೆ. ಕಾರಣ ನಮ್ಮ ತಲೆಯ ಮೇಲಿದೆ. ಸೂರ್ಯನ ಕಿರಣಗಳು ಮೇಲಿನ ವಾಯುಮಂಡಲದ ಅಣುಗಳಿಂದ ಇಲೆಕ್ಟ್ರಾನುಗಳನ್ನು ಬಿಡಿಸಿ, ಸುಮಾರು 60 ಕಿಲೋಮೀಟರಿನಿಂದ ನೂರಾರು ಕಿಲೋಮೀಟರ್ ಎತ್ತರದ ತನಕ ವಿದ್ಯುತ್ತಿನ ಪದರಗಳನ್ನು ಕಟ್ಟುತ್ತವೆ. ಇದೇ ಅಯಾನುಗೋಳ. ಇದರ ಕೆಳಗಿನ ಪದರ ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ. ಮೇಲಿನ ಪದರ ಮಾತ್ರ ಉಳಿದು ತರಂಗವನ್ನು ಕನ್ನಡಿಯಂತೆ ಕೆಳಕ್ಕೆ ಹಿಂತಿರುಗಿಸುತ್ತದೆ. ನಿಮ್ಮ ಅಪ್ಪ, ಅಜ್ಜ ರೇಡಿಯೋ ಸಿಲೋನ್ ಕೇಳಿದ್ದು ಇದೇ ಮೇಲಿನ ಕನ್ನಡಿಯ ಕೃಪೆಯಿಂದ.

ಎರಡು: ರೇಡಿಯೋ ಹಾಡುತ್ತಿರುವಾಗ ಅದನ್ನು ಒಂದು ದೊಡ್ಡ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಭದ್ರವಾಗಿ ಹಾಕಿ. ಹಾಡು ಹೋಗಿ ಬರೇ ಶಬ್ದ ಉಳಿಯುತ್ತದೆ. ಅದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ? ವ್ಯತ್ಯಾಸವನ್ನು ನೀವೇ ಕಂಡು ಕಾರಣ ಹೇಳಿ.

ಮೂರು: ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಬರುವ ಮುನ್ನ, ಮಧ್ಯಮ ತರಂಗದಲ್ಲಿ ನಿಲಯವಿಲ್ಲದ ಜಾಗಕ್ಕೆ ಮುಳ್ಳು ತಂದು ಕಿವಿಗೊಡಿ. 'ಚಟ್ ಚಟ್' ಎಂಬ ಸದ್ದು ಬರುತ್ತದೆ. ಅದು ದೂರದ ಮಿಂಚಿನ ರೇಡಿಯೋ ತರಂಗ. ಗುಡುಗು ನಿಮಗೆ ಕೇಳಿಸುವ ಮುನ್ನವೇ ರೇಡಿಯೋಕ್ಕೆ ಮಿಂಚಿನ ಸುದ್ದಿ ಮುಟ್ಟಿರುತ್ತದೆ. ಬ್ಯಾಟರಿ ರೇಡಿಯೋ ಬಳಸಿ, ಮನೆಯೊಳಗೆ ಕೂತು ಮಾಡಿ; ಸದ್ದು ಹೆಚ್ಚಾದರೆ ಅಂಗಳದ ಅಡಿಕೆ ಒಳಗೆ ಹಾಕುವ ಹೊತ್ತು ಬಂತೆಂದು ಮನೆಯವರಿಗೆ ತಿಳಿಸಿ!

ಇನ್ನು ಹ್ಯಾಮ್‌ಗಳ ಮಾತು ಕೇಳಬೇಕಾದರೆ ಶಾರ್ಟ್‌ವೇವ್ ರೇಡಿಯೋ ಬೇಕು. ಭಾರತದ ಹ್ಯಾಮ್‌ಗಳು ಬೆಳಗಿನ ಹೊತ್ತು 7.0ರಿಂದ 7.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುತ್ತಾರೆ. ಆದರೆ ಸಾಮಾನ್ಯ ರೇಡಿಯೋದಲ್ಲಿ ಅವರ ಮಾತು ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಶಕ್ತಿ ಉಳಿಸಲು ಅವರು ತರಂಗದ ಒಂದು ಬದಿಯನ್ನು ಮಾತ್ರ ಕಳುಹಿಸುತ್ತಾರೆ; ಇದಕ್ಕೆ ಎಸ್.ಎಸ್.ಬಿ. ಎಂದು ಹೆಸರು. ರೇಡಿಯೋ ಕೊಳ್ಳುವಾಗ 'ಎಸ್.ಎಸ್.ಬಿ. ಇದೆಯೇ?' ಎಂದು ಕೇಳಿ ಕೊಳ್ಳಿ.

ಬಾಹ್ಯಾಕಾಶದಲ್ಲಿಯೂ ಹ್ಯಾಮ್ ಉಂಟು. 2005ರ ಮೇ 5ರಂದು ಇಸ್ರೋ ಹವ್ಯಾಸಿಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಉಪಗ್ರಹವನ್ನು ಹಾರಿಸಿತು. ಅದು 2014ರ ತನಕ ದುಡಿಯಿತು. 2025ರ ಜುಲೈ 4ರಂದು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ನಮ್ಮ ಶುಭಾಂಶು ಶುಕ್ಲಾ ಬೆಂಗಳೂರಿನ ಕೇಂದ್ರದಲ್ಲಿ ಸೇರಿದ್ದ ಮಕ್ಕಳೊಡನೆ ಮಾತಾಡಿದ್ದು ಹ್ಯಾಮ್ ರೇಡಿಯೋದ ಮೂಲಕ. ಆ ಕೇಂದ್ರಕ್ಕೆ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರಿದೆ.

ಪರೀಕ್ಷೆಯ ಹೆದರಿಕೆ ಬೇಡ

ಈಗ ಪರೀಕ್ಷೆ. 12 ವರ್ಷ ತುಂಬಿದ ಯಾರೂ ಬರೆಯಬಹುದು. ಪತ್ರ ಬರೆದವರ ಮಗಳಿಗೆ ಆ ಪ್ರಾಯ ಆಗಿದೆ. ನಡೆಸುವುದು ಕೇಂದ್ರದ ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗ. ಅರ್ಜಿ 'ಸರಳ ಸಂಚಾರ್' ಎಂಬ ಸರಕಾರಿ ಜಾಲತಾಣದಲ್ಲಿ; ಮಂಗಳೂರಿನಲ್ಲಿಯೇ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಇದೆ. ಶುಲ್ಕ, ದಿನಾಂಕಗಳನ್ನು ಅರ್ಜಿ ಹಾಕುವ ದಿನವೇ ಅಲ್ಲಿ ನೋಡಿಕೊಳ್ಳಿ.

ದರ್ಜೆ ಎರಡು. ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್ ದರ್ಜೆಗೆ ಬರವಣಿಗೆಯ ಪರೀಕ್ಷೆ ಮಾತ್ರ. ಬಳಸಬಹುದಾದ ಶಕ್ತಿ ಸ್ವಲ್ಪ ಕಡಿಮೆ. ಜನರಲ್ ದರ್ಜೆಗೆ ಇದರ ಜೊತೆಗೆ ಮೋರ್ಸ್ ಸಂಕೇತವನ್ನು ನಿಮಿಷಕ್ಕೆ 8 ಶಬ್ದಗಳ ವೇಗದಲ್ಲಿ ಕೇಳಿ ಬರೆಯಲು, ಕಳುಹಿಸಲು ಬರಬೇಕು. ನಾನು ಮೋರ್ಸ್‌ನಲ್ಲಿ ಒಮ್ಮೆ ಫೇಲಾದವನು. ಚುಕ್ಕಿ–ಗೆರೆಗಳನ್ನು ಕಣ್ಣಿನಿಂದ ಬಾಯಿಪಾಠ ಮಾಡಿದ್ದೆ, ಅದೇ ತಪ್ಪು. ಮೋರ್ಸನ್ನು ಚೆಂಡೆಯ ಪೆಟ್ಟಿನ ಹಾಗೆ ಕಿವಿಯಿಂದಲೇ ಕಲಿಯಬೇಕು. ಎರಡನೆಯ ಬಾರಿ ಹಾಗೆ ಕಲಿತೆ, ಪಾಸಾದೆ.

ಬರವಣಿಗೆಯ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದು ರೇಡಿಯೋ ತತ್ತ್ವ: ಓಮ್‌ನ ನಿಯಮ, ರೋಧಕಗಳ ಜೋಡಣೆ, ಏಸಿ–ಡಿಸಿ, ಡಯೋಡ್, ಟ್ರಾನ್ಸಿಸ್ಟರ್, ಆಂಟೆನಾ. ಇದರಲ್ಲಿ ಒಂದಷ್ಟು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಉಳಿದದ್ದು ಪಿಯುಸಿಯಲ್ಲಿ ಹೇಗೂ ಬರುತ್ತದೆ. ಎರಡನೆಯದು ನಿಯಮಗಳು: ಏನು ಮಾತಾಡಬಹುದು, ಏನು ಕೂಡದು, ಅಪಾಯದ ಕರೆ ಬಂದರೆ ಏನು ಮಾಡಬೇಕು, ದಿನಚರಿ ಪುಸ್ತಕ ಹೇಗೆ ಬರೆಯಬೇಕು ಇತ್ಯಾದಿ.

ಕೆಲವು ಹೆತ್ತವರು 'ಇದರಿಂದ ಮಾರ್ಕು ಸಿಗುತ್ತದೆಯೇ?' ಎಂದು ಕೇಳಿಯಾರು. ನೇರವಾಗಿ ಸಿಗುವುದಿಲ್ಲ. ಆದರೆ ತನ್ನ ಕೈಯಾರೆ ಆಂಟೆನಾ ಅಳೆದು ಕಟ್ಟಿದ ಮಗು ತರಂಗದೂರದ ಲೆಕ್ಕವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಇನ್ನು ಕೆಲವರಿಗೆ 'ಗೊತ್ತಿಲ್ಲದವರೊಡನೆ ಮಗಳು ಮಾತಾಡುವುದೇ?' ಎಂಬ ಚಿಂತೆ. ಅದು ಸರಿಯಾದ ಚಿಂತೆಯೇ. ಆದರೆ ಇಲ್ಲಿ ಗುಟ್ಟಿನ ಮಾತಿಲ್ಲ. ಹ್ಯಾಮ್ ಪಟ್ಟಿಯಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಊರೆಲ್ಲ ಕೇಳಬಹುದು, ಪ್ರತಿಯೊಬ್ಬನೂ ತನ್ನ ಕಾಲ್‌ಸೈನ್ ಹೇಳಿಯೇ ಮಾತಾಡಬೇಕು. ಸುಳ್ಳು ಹೆಸರಿನಲ್ಲಿ ಅವಿತು ಕೂರುವ ಮೊಬೈಲಿನ ಲೋಕಕ್ಕಿಂತ ಇದು ನಮ್ಮ ಹಳೆಯ ಚಾವಡಿಗೆ ಹೆಚ್ಚು ಹತ್ತಿರ.

ಅಡಿಕೆ ಮರದ ಆಂಟೆನಾ

ಈಗ ಮೂಲ ಪ್ರಶ್ನೆಗೆ ಬರೋಣ. ಲೈಸೆನ್ಸ್ ಬಂದರೂ ಗುಡ್ಡ ಅಲ್ಲೇ ಇರುತ್ತದಲ್ಲ? ಹೌದು. 145 ಮೆಗಾಹರ್ಟ್ಸಿನ ಕೈಸೆಟ್ಟನ್ನು ಗುಡ್ಡ ಆಗಲೂ ತಡೆಯುತ್ತದೆ. ಆದರೆ ಹ್ಯಾಮ್‌ಗೆ ಇನ್ನೊಂದು ಉಪಾಯ ಗೊತ್ತು. ಗುಡ್ಡವನ್ನು ಅಡ್ಡಡ್ಡವಾಗಿ ದಾಟಲು ಆಗದಿದ್ದರೆ ಮೇಲಿನಿಂದ ದಾಟಿಸುವುದು!

ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುವುದನ್ನು ನೋಡಿದ್ದೀರಿ. ನೀರು ಮೇಲಕ್ಕೆ ಚಿಮ್ಮಿ ಸುತ್ತಲೂ ಬೀಳುತ್ತದೆ. ನಡುವೆ ಒಂದು ಕಟ್ಟಪುಣಿ ಇದ್ದರೆ ಅದರ ಆಚೆಗೂ ಬೀಳುತ್ತದೆ. ಹಾಗೆಯೇ 7 ಮೆಗಾಹರ್ಟ್ಸಿನ ತರಂಗವನ್ನು ನೆಟ್ಟಗೆ ಆಕಾಶಕ್ಕೆ ಬಿಟ್ಟರೆ ಹಗಲು ಹೊತ್ತಿನಲ್ಲಿ ಅದು ಅಯಾನುಗೋಳಕ್ಕೆ ತಾಗಿ ಕೆಳಗಿಳಿದು ಸುತ್ತಲಿನ ನೂರಾರು ಕಿಲೋಮೀಟರ್ ಪ್ರದೇಶದ ಮೇಲೆ ಬೀಳುತ್ತದೆ. ಮೇಲಿನಿಂದ ಬೀಳುವ ತರಂಗಕ್ಕೆ ಗುಡ್ಡವೂ ಒಂದೇ, ಕಣಿವೆಯೂ ಒಂದೇ. ರಾತ್ರಿ ಮೇಲಿನ ಪದರ ತೆಳುವಾದಾಗ 3.5 ಮೆಗಾಹರ್ಟ್ಸಿನ ಪಟ್ಟಿಗೆ ಇಳಿಯಬೇಕಾಗುತ್ತದೆ, ಅಷ್ಟೇ.

ಇದಕ್ಕೆ ಬೇಕಾದ ಆಂಟೆನಾ ಎಂಥದು? ಒಂದು ತಂತಿ. 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಅದು ಸುಮಾರು 42 ಮೀಟರ್. ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 20 ಮೀಟರ್ ತಾಮ್ರದ ತಂತಿ ತೆಗೆದುಕೊಂಡು ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿದರೆ ಆಯಿತು. ಎತ್ತರ ಎಷ್ಟು ಬೇಕು? ಇಲ್ಲಿದೆ ಸ್ವಾರಸ್ಯ. ತೀರ ಎತ್ತರ ಕಟ್ಟಿದರೆ ತರಂಗ ದಿಗಂತದ ಕಡೆಗೆ ಓಡುತ್ತದೆ. ನೆಟ್ಟಗೆ ಮೇಲಕ್ಕೆ ಹೋಗಬೇಕಾದರೆ ತರಂಗದೂರದ ಕಾಲು ಭಾಗದೊಳಗೆ, ಅಂದರೆ 10 ಮೀಟರಿನೊಳಗೆ ಇರಬೇಕು. ನಮ್ಮ ಅಡಿಕೆ ಮರಕ್ಕೆ ಕೊಕ್ಕೆ ಹಾಕಿ ಕಟ್ಟಲು ಹೇಳಿಮಾಡಿಸಿದ ಎತ್ತರ. ಪಟ್ಟಣದವರು ಕಬ್ಬಿಣದ ಕಂಬಕ್ಕೆ ಹಣ ಸುರಿಯುತ್ತಾರೆ; ನಮಗೆ ಅಜ್ಜ ನೆಟ್ಟ ಕಂಬಗಳು ಸಾಲಾಗಿ ನಿಂತಿವೆ. ಸೆಟ್ ನಡೆಯಲು 12 ವೋಲ್ಟಿನ ಜೀಪಿನ ಬ್ಯಾಟರಿ ಸಾಕು. ಕರೆಂಟು ಬೇಡ, ಟವರ್ ಬೇಡ.

ಎರಡು ಎಚ್ಚರಿಕೆ. ತಂತಿ ಎಳೆಯುವಾಗ ವಿದ್ಯುತ್ ಲೈನಿನ ಹತ್ತಿರ ಹೋಗಲೇಬೇಡಿ. ಅದರಲ್ಲಿಯೂ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಮರೆಯಬೇಡಿ. ಗುಡುಗಿನ ಕಾಲದಲ್ಲಿ, ಮೋಡ ಕಟ್ಟುವ ಮೊದಲೇ, ಆಂಟೆನಾ ಕೇಬಲನ್ನು ಸೆಟ್ಟಿನಿಂದ ಕಳಚಿ ಮನೆಯ ಹೊರಗಿಡಿ. ಮರ ಹತ್ತುವ ಕೆಲಸ ಹತ್ತಿ ಗೊತ್ತಿದ್ದವರಿಗೇ ಬಿಡಿ.

ಒಂದು ಭಾನುವಾರ

ಇಷ್ಟನ್ನು ಪತ್ರದಲ್ಲಿ ಬರೆದರೆ ಸಾಲದು ಎಂದುಕೊಂಡು ನಾನೇ ಒಂದು ಭಾನುವಾರ ಆ ಮನೆಗೆ ಹೋದೆ. ಚೀಲದಲ್ಲಿ ಒಂದು ಕೈಸೆಟ್, ಎಸ್.ಎಸ್.ಬಿ. ಇರುವ ಒಂದು ಪುಟ್ಟ ರೇಡಿಯೋ, ತಂತಿಯ ಸುರುಳಿ. ಅಂದು ನಾವು ಮಾಡಬೇಕಿದ್ದದ್ದು ಕೇಳುವ ಕೆಲಸ ಮಾತ್ರ. ಪುತ್ತೂರಿನಲ್ಲಿರುವ ನನ್ನ ಹ್ಯಾಮ್ ಗೆಳೆಯರು ಮಂಗಳೂರಿನ ಇನ್ನೊಬ್ಬ ಹ್ಯಾಮ್ ಜೊತೆ ಹತ್ತು ಗಂಟೆಗೆ ಮಾತಾಡುವುದೆಂದು ಮೊದಲೇ ನಿಶ್ಚಯವಾಗಿತ್ತು.

ಮೊದಲು 145 ಮೆಗಾಹರ್ಟ್ಸ್. ಕೈಸೆಟ್ಟಿನಲ್ಲಿ ಬರೇ 'ಸ್ಸ್' ಎಂಬ ಸದ್ದು. ಹುಡುಗಿ ಅದನ್ನು ಎತ್ತಿ ಹಿಡಿದು ಜಗಲಿ, ಅಂಗಳ, ಹಟ್ಟಿಯ ಹಿಂದೆ ಎಲ್ಲ ತಿರುಗಿದಳು. ಏನೂ ಇಲ್ಲ. "ಗುಡ್ಡ, ಸರ್" ಎಂದಳು. ನಾನು ಹೇಳುವ ಮುನ್ನವೇ ಅವಳಿಗೆ ಅರ್ಥವಾಗಿತ್ತು.

ಆಮೇಲೆ ಅವಳ ಅಪ್ಪ ತೋಟದ ಎರಡು ಮರಗಳ ನಡುವೆ ತಂತಿ ಎಳೆದುಕೊಟ್ಟರು. ಪುಟ್ಟ ರೇಡಿಯೋದ ಮುಳ್ಳು 7.1ರ ಹತ್ತಿರ. ಸ್ವಲ್ಪ ಬಾತುಕೋಳಿ, ಸ್ವಲ್ಪ ಶಿಳ್ಳೆ. ಮೆಲ್ಲಗೆ ತಿರುಗಿಸುತ್ತ ಹೋದಂತೆ ಮಾತು ಬಿಡಿಸಿಕೊಂಡಿತು. ಪುತ್ತೂರಿನ ಗೆಳೆಯರು ಕನ್ನಡದಲ್ಲಿ, ಎದುರಿಗೆ ಕೂತ ಹಾಗೆ, ಅಲ್ಲಿನ ಬಿಸಿಲಿನ ಬಗ್ಗೆ ಹೇಳುತ್ತಿದ್ದರು. ಮಂಗಳೂರಿನವರ ಉತ್ತರವೂ ಕೇಳಿಸಿತು. ಅಡುಗೆಮನೆಯಿಂದ ಅವಳ ಅಮ್ಮ ಕೈ ಒರಸುತ್ತ ಬಂದು ಬಾಗಿಲಲ್ಲಿ ನಿಂತರು. "ಟವರ್ ಇಲ್ಲದೆಯೇ?" ಎಂದು ಮೂರು ಸಲ ಕೇಳಿದರು.

ಹುಡುಗಿ ರೇಡಿಯೋಕ್ಕೆ ಬಾಯಿಟ್ಟು, "ನಾವು ಇಲ್ಲಿದ್ದೇವೆ, ನಮಗೆ ಕೇಳಿಸ್ತಾ ಇದೆ" ಎಂದಳು. ಕೂಡಲೇ ನಾಲಿಗೆ ಕಚ್ಚಿಕೊಂಡು ನನ್ನನ್ನು ನೋಡಿದಳು. "ಅವರಿಗೆ ನಮ್ಮ ಮಾತು ಹೋಗುವುದಿಲ್ಲ ಅಲ್ವಾ ಸರ್?"

"ಇಲ್ಲ. ಕೇಳುವುದಕ್ಕೆ ತಂತಿ ಸಾಕು. ಹೇಳುವುದಕ್ಕೆ ಪರೀಕ್ಷೆ ಪಾಸಾಗಬೇಕು. ನೀನೊಬ್ಬಳೇ ಅಲ್ಲ, ಆಚೆ ಗೆಳತಿಯ ಮನೆಯಲ್ಲಿಯೂ ಒಬ್ಬರಿಗೆ ಲೈಸೆನ್ಸ್ ಬೇಕು. ಇಲ್ಲದಿದ್ದರೆ ಶಾಲೆಯಲ್ಲೇ ಒಂದು ಕ್ಲಬ್ ಮಾಡಿ. ಶಾಲೆಯ ಹೆಸರಿನಲ್ಲಿಯೂ ಲೈಸೆನ್ಸ್ ಪಡೆಯಬಹುದು."

ಅವಳು ಒಂದು ನೋಟ್ ಪುಸ್ತಕ ತಂದು ಮೊದಲ ಪುಟದಲ್ಲಿ ದಿನಾಂಕ, ಗಂಟೆ, 7.1, ಪುತ್ತೂರು, 'ಸ್ಪಷ್ಟ' ಎಂದು ಬರೆದಳು. ಹೊರಡುವಾಗ ಅಂಗಳದ ತನಕ ಬಂದು ಕೇಳಿದಳು: "ಸರ್, ಮಳೆಗಾಲಕ್ಕೆ ಮೊದಲು ಪರೀಕ್ಷೆ ಇದೆಯಾ?"

ದಿನಾಂಕ ನೋಡಿ ತಿಳಿಸುತ್ತೇನೆ ಎಂದು ಬಂದಿದ್ದೇನೆ. ಒಬ್ಬಳಿಗಾಗಿ ಹೇಳಿಕೊಡುವುದಕ್ಕಿಂತ ನಾಲ್ಕಾರು ಮಕ್ಕಳು ಸೇರಿದರೆ ಚೆನ್ನ. ಗುಡ್ಡದ ಈಚೆಯವರೂ ಆಚೆಯವರೂ ಇರಲಿ.